ಬೇಕಲದ ಗ್ರಹಣವೂ ವಿಶ್ವದ ವಿಸ್ತಾರಮಾನವೂ

ಜಾಲ್ಸೂರಿನಿಂದ ಪಡುವಲಾಗಿ ಚೆರ್ಕಳಕ್ಕೆ ಇಳಿಯುವ ದಾರಿಯು ಕಾಸರಗೋಡನ್ನು ಮುಟ್ಟುತ್ತದೆ. ಅಲ್ಲಿಂದ ಕರಾವಳಿಯನ್ನು ಹಿಡಿದು ತೆಂಕಲಾಗಿ ಹೋದರೆ ಬೇಕಲದ ಕೋಟೆ. ಕೆಳದಿಯ ಅರಸರ ಕಾಲದ ಈ ಕೋಟೆಗೆ ಹೋದವರು ಕೊತ್ತಳಗಳನ್ನೂ ಕಡಲನ್ನೂ ಕಂಡು ಮರಳುವರು. ಖಗೋಲಶಾಸ್ತ್ರದ ಚರಿತ್ರೆಯಲ್ಲಿಯೂ ಇದಕ್ಕೊಂದು ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿಯದು.

೧೮೭೧ನೆಯ ಇಸವಿ ಡಿಸೆಂಬರ್ ೧೨ನೆಯ ತಾರೀಖು ಬೆಳಗ್ಗೆ ಖಗ್ರಾಸ ಸೂರ್ಯಗ್ರಹಣವಾಯಿತು. ಬೇಕಲವು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಾರ್ಮನ್ ಲಾಕಿಯರ್ ಎಂಬ ಆಂಗ್ಲ ವಿದ್ವಾಂಸನು ಸಂಗಡಿಗರೊಡನೆ ಹಡಗೇರಿ ಬಂದು ಇಲ್ಲಿ ಯಂತ್ರಗಳನ್ನು ಹೂಡಿದ್ದನು. ಸೂರ್ಯನು ಪೂರ್ತಿ ಮರೆಯಾಗಿದ್ದುದು ಸುಮಾರು ಎರಡೇ ನಿಮಿಷ. ಅಷ್ಟಕ್ಕಾಗಿ ಅಷ್ಟು ದೂರದ ಪ್ರಯಾಣ! ಆ ಎರಡು ನಿಮಿಷಗಳಲ್ಲಿ ಛಾಯಾಚಿತ್ರಗಳನ್ನು ತೆಗೆದರು. ಸೂರ್ಯನ ಸುತ್ತಣ ಪ್ರಭಾವಲಯದ ಬೆಳಕನ್ನು ಪಟ್ಟಕದಿಂದ ಸೀಳಿ ನೋಡಿದರು.

ಹಾಗೆ ಸೀಳಿದ ಬೆಳಕಿನ ವರ್ಣಪಟಲದಲ್ಲಿ ಒಂದೊಂದು ಮೂಲವಸ್ತುವಿಗೂ ನಿಯತವಾದ ಗೆರೆಗಳುಂಟು. ಬೆಳಕನ್ನು ಬೀರುವ ವಸ್ತುವು ದೂರ ಸರಿಯುತ್ತಿದ್ದರೆ ಗೆರೆಗಳು ಕೆಂಪಿನ ಕಡೆಗೂ, ಸಮೀಪಿಸುತ್ತಿದ್ದರೆ ನೇರಿಳೆಯ ಕಡೆಗೂ ಜರುಗುತ್ತವೆ. ಸೂರ್ಯನ ಜ್ವಾಲೆಗಳ ವೇಗವನ್ನು ಲಾಕಿಯರನು ಗಣಿಸಿದ್ದು ಈ ಉಪಾಯದಿಂದಲೇ. ಬೇಕಲದಲ್ಲಿ ವಿಶ್ವವನ್ನು ಯಾರೂ ಅಳೆಯಲಿಲ್ಲ. ಆ ವಿಚಾರವೇ ಆಗ ಹುಟ್ಟಿರಲಿಲ್ಲ. ಆದರೆ ಅಲ್ಲಿಗೆ ಬಂದ ವಿದ್ಯೆಯೇ ಮುಂದೆ ಆ ಕೆಲಸಕ್ಕೆ ಒದಗಿತು.

೧೯೧೨ರಿಂದ ಅಮೆರಿಕದ ಸ್ಲೈಫರನು ಸುರುಳಿ ನೀಹಾರಿಕೆಗಳ ಬೆಳಕನ್ನು ಪರೀಕ್ಷಿಸಿ, ಬಹುಪಾಲು ನೀಹಾರಿಕೆಗಳು ದೂರ ಸರಿಯುತ್ತಿರುವುದನ್ನು ಕಂಡನು. ವೇಗವು ಗೆರೆಯಿಂದ ತಿಳಿಯಿತು, ದೂರವು ತಿಳಿಯುವುದೆಂತು? ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆಯು ಮಿಡಿಯುವ ನಕ್ಷತ್ರಗಳ ಅವಧಿಗೂ ಪ್ರಕಾಶಕ್ಕೂ ಇರುವ ಸಂಬಂಧವನ್ನು ತೋರಿಸಿದ್ದಳು. ಆ ಅಳತೆಗೋಲನ್ನು ಹಿಡಿದು ೧೯೨೯ರಲ್ಲಿ ಹಬಲನು, ದೂರ ಹೆಚ್ಚಿದಷ್ಟೂ ವೇಗವೂ ಹೆಚ್ಚುವುದೆಂದು ಸ್ಥಾಪಿಸಿದನು. ೧೯೨೭ರಲ್ಲೇ ಲೆಮೈತ್ರನು ಇದನ್ನು ಗಣಿತದಿಂದ ಹೇಳಿದ್ದನು. ಅವನಿಗೆ ಸಲ್ಲಬೇಕಾದ ಕೀರ್ತಿಯು ತಡವಾಗಿ ಸಂದಿತು. ಪ್ರತಿ ೩೨.೬ ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ೫೦೦ ಕಿಲೋಮೀಟರು ಎಂಬುದು ಹಬಲನ ಮಾನ. ಅದರಂತೆ ವಿಶ್ವದ ವಯಸ್ಸು ಭೂಮಿಯ ವಯಸ್ಸಿಗಿಂತ ಕಡಿಮೆಯಾಗುತ್ತಿತ್ತು! ದೋಷವು ದೂರದ ಅಳತೆಯಲ್ಲಿತ್ತು. ಇಂದಿನ ಮಾನವು ೭೦ರ ಆಸುಪಾಸು.

ಬಲು ದೂರದವನ್ನು ಅಳೆಯಲು ಸ್ಫೋಟಿಸುವ ಶ್ವೇತಕುಬ್ಜ ನಕ್ಷತ್ರಗಳು ನೆರವಾದವು. ಅಂತಹ ನಕ್ಷತ್ರದ ದ್ರವ್ಯರಾಶಿಗೆ ಸೂರ್ಯನ ಸುಮಾರು ೧.೪ ಪಾಲು ಮಿತಿಯೆಂದು ಚಂದ್ರಶೇಖರರು ಗಣಿಸಿದ್ದರು. ಈ ಸ್ಫೋಟಗಳ ಪ್ರಕಾಶವು, ತಕ್ಕ ತಿದ್ದುಪಡಿ ಮಾಡಿದರೆ, ಹೆಚ್ಚು ಕಡಿಮೆ ಒಂದೇ. ಇರುಳು ಬೇಕಲದ ಕಡಲಲ್ಲಿ ಒಂದೇ ತೆರನಾದ ದೀಪಗಳಿರುವ ದೋಣಿಗಳಲ್ಲಿ ಮಂಕಾಗಿ ಕಾಣುವುದೇ ದೂರದ್ದೆಂದು ತಿಳಿಯುವಂತೆ ಇದು. ವಿಶ್ವದ ವಿಸ್ತಾರವು ಗುರುತ್ವದಿಂದ ಕುಗ್ಗುತ್ತಿರಬೇಕೆಂದೇ ಎಲ್ಲರ ಎಣಿಕೆ. ೧೯೯೮ರಲ್ಲಿ ಎರಡು ತಂಡಗಳು ನೋಡಲಾಗಿ, ದೂರದ ಸ್ಫೋಟಗಳು ಎಣಿಸಿದ್ದಕ್ಕಿಂತ ಮಂಕಾಗಿದ್ದವು. ವಿಸ್ತಾರದ ವೇಗವು ಹೆಚ್ಚುತ್ತಿದೆಯೆಂದಾಯಿತು. ಗಣಿತವು ಕಣ್ಣಿಗೆ ಹೊಂದಬೇಕೆಂಬುದು ಈ ನಾಡಿಗೆ ಹೊಸ ಮಾತಲ್ಲ. ಕೇರಳದ ಪರಮೇಶ್ವರನು ಗ್ರಹಣಗಳನ್ನು ವರ್ಷಾನುಗಟ್ಟಲೆ ನೋಡಿ ೧೪೩೧ರಲ್ಲಿ 'ದೃಗ್ಗಣಿತ'ವನ್ನು ರಚಿಸಿದ್ದು ಇದಕ್ಕಾಗಿಯೇ.

ಈ ವೇಗವೃದ್ಧಿಯ ಕಾರಣಕ್ಕೆ 'ಕೃಷ್ಣಶಕ್ತಿ'ಯೆಂದು ಹೆಸರಿಟ್ಟಿದ್ದಾರೆ. ವಿಶ್ವದ ಮೂರರಲ್ಲಿ ಎರಡು ಪಾಲಿಗೂ ಮಿಗಿಲು ಅದೇ ಎಂದು ಲೆಕ್ಕ. ಹೆಸರಿಟ್ಟ ಮಾತ್ರಕ್ಕೆ ವಸ್ತುವು ತಿಳಿದಂತಾಗಲಿಲ್ಲ. ಅದು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸಂಶಯವನ್ನು ೨೦೨೪ರ ಅಳತೆಗಳು ಎಬ್ಬಿಸಿವೆ. ಆದಕಾರಣ ಅಳತೆಗೋಲನ್ನು ತಿದ್ದುವ ಕೆಲಸವು ನಿಂತಿಲ್ಲ. ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರು ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯವರು ಅದನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ೨೦೧೪ರಲ್ಲಿ ಒಂದು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯ ಎಂ ೮೨ ಎಂಬ ಬ್ರಹ್ಮಾಂಡದಲ್ಲಿ ಅಂತಹ ಸ್ಫೋಟವೊಂದು ಕಂಡಾಗ, ಅವರು ಅದರ ಬೆಳಕನ್ನು ಈ ದೂರದರ್ಶಕದಿಂದ ಪರೀಕ್ಷಿಸಿದರು. ನಡುವಣ ಧೂಳಿನಿಂದ ಆ ಬೆಳಕು ಮಂಕಾಗಿ ಕೆಂಪೇರಿತ್ತು. ಧೂಳಿನ ಪಾಲನ್ನು ಕಳೆಯದೆ ಅದರ ದೂರವು ಸರಿಯಾಗಿ ದೊರೆಯುವಂತಿರಲಿಲ್ಲ.