ಗಾಡಿಗೆ ಮೇವು ಹಾಕೋರು ಯಾರು?

ಹೊಗೆಸೊಪ್ಪಿನ ಹರಾಜು ಶುರುವಾಯ್ತು ಅಂದ್ರೆ ನಮ್ ಹುಣಸೂರು, ಪಿರಿಯಾಪಟ್ಟಣದ ಕಡೆ ಮನೆಮನೇಲೂ ಮೂರೇ ಮಾತು. ಸಾಲ ಎಷ್ಟು ತೀರಿಸೋದು, ಮಗಳ ಮದ್ವೆ ಯಾವಾಗ ಇಟ್ಕಳೋದು, ಗಾಡಿ ಯಾವ್ದು ತಗಳೋದು. ಮೊದಲ ಎರಡು ಮಾತಿಗೆ ನಮ್ಮನ್ನ ಕರೀತರೆ. ಮೂರನೇದಕ್ಕೆ ಕಾಫಿ ತರಕ್ಕೆ ಮಾತ್ರ ಕರೀತರೆ. ಈ ಸಲ ನಮ್ಮಣ್ಣನ ಮನೇಲೂ ಅದೇ ಚರ್ಚೆ. ಮಗನಿಗೆ ಪೆಟ್ರೋಲಿನ ದೊಡ್ಡ ಗಾಡಿ ಬೇಕಂತೆ, ಏಳು ಸೀಟು, ಎತ್ತರಕ್ಕಿರಬೇಕು, ರೋಡಲ್ಲಿ ಬಂದ್ರೆ ನಾಲ್ಕು ಜನ ತಿರುಗಿ ನೋಡ್ಬೇಕು. ಸೊಸೆಗೆ ಕರೆಂಟಲ್ಲಿ ಓಡೋ ಐದು ಸೀಟಿನ ಗಾಡಿ ಸಾಕಂತೆ. ಅವಳು ದಿನಾ ಪಿರಿಯಾಪಟ್ಟಣದಿಂದ ಹುಣಸೂರಿಗೆ ಪಾಠ ಮಾಡಕ್ಕೆ ಹೋಗಿ ಬರೋಳು. ನಂಗೆ ಇಂಜಿನ್ ಗಿಂಜಿನ್ ಗೊತ್ತಿಲ್ಲ. ಆದ್ರೆ ಪಿಯುಸಿಲಿ ಹಿಸ್ಟರಿ ತಗಂಡಿದ್ದೋಳು, ಇವತ್ತಿಗೂ ಹಳೇ ಸಂಗತಿ ಸಿಕ್ಕಿದ್ರೆ ಬಿಡದೆ ಓದ್ತೀನಿ. ಓದ್ತಾ ಓದ್ತಾ ಒಂದು ವಿಷ್ಯ ಕಾಣ್ತು: ಪೆಟ್ರೋಲಾ ಕರೆಂಟಾ ಅನ್ನೋ ಪ್ರಶ್ನೆ ಹೊಸದಲ್ಲ ಕಣ್ರವ್ವ. ನೂರು ವರ್ಷಕ್ಕೂ ಹಳೇದು. ಆ ಪ್ರಶ್ನೆ ನಡುಮಧ್ಯದಲ್ಲಿ ಹೆಂಗಸರೇ ಇದ್ರು.

ಮೊದ್ಲು ನಮ್ಮೂರಿಂದ ಶುರು ಮಾಡೋಣ. ಹುಣಸೂರು ಅಂದ್ರೆ ಒಂದು ಕಾಲಕ್ಕೆ ಗಾಡಿ ಊರು. ಮೈಸೂರು ಅರಸರು ಸಾಕಿ ಬೆಳೆಸಿದ, ಟಿಪ್ಪು ಸುಲ್ತಾನ್ ಅಮೃತಮಹಲ್ ಅಂತ ಹೆಸರಿಟ್ಟ ದನದ ತಳಿ ಕೇಳಿರ್ತೀರಿ. ಫಿರಂಗಿ ಎಳೆಯೋ ಎತ್ತುಗಳು. ಬ್ರಿಟಿಷರ ಕಾಲದಲ್ಲಿ ಆ ಅಮೃತಮಹಲ್ ಇಲಾಖೆ ನಡೀತಿದ್ದದ್ದು ಹುಣಸೂರಿಂದ. ಜೊತೆಗೆ 1864ರ ತನಕ ಇಲ್ಲಿ ಸೈನ್ಯಕ್ಕೆ ಸಾಮಾನು ಒದಗಿಸೋ ದೊಡ್ಡ ಕಾರ್ಖಾನೆ ಇತ್ತು. ಚರ್ಮ ಹದ ಮಾಡೋದು, ಕಂಬಳಿ ನೇಯೋದು, ಮರಗೆಲಸ ಎಲ್ಲಾ ನಡೀತಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಕಲಿತ ಕೈಕೆಲಸ ಊರಲ್ಲೇ ಉಳೀತು. ಹುಣಸೂರಿನ ಗಾಡಿ ಅಂದ್ರೆ ಗಟ್ಟಿ ಅಂತ ಹೆಸರಾಯ್ತು.

ಗಾಡಿಗೆ ಎತ್ತು ಬೇಕಲ್ಲ, ಅದಕ್ಕೆ ಕೆ.ಆರ್. ನಗರ ಕಡೆಯ ಚುಂಚನಕಟ್ಟೆ ಜಾತ್ರೆ. ಇವತ್ತಿಗೂ ಸಂಕ್ರಾಂತಿ ಆಸುಪಾಸಿನಲ್ಲಿ ಹಳ್ಳಿಕಾರ್ ಜೋಡಿಗಳು ಬತ್ತವೆ. ಎತ್ತು ಆರಿಸೋ ಗಂಡಸರನ್ನ ನೋಡಿದೀರಲ್ಲ? ಹಲ್ಲು ನೋಡ್ತರೆ, ಸುಳಿ ನೋಡ್ತರೆ, ಕೊಂಬು ನೋಡ್ತರೆ, ನಡಿಗೆ ನೋಡ್ತರೆ. ಟವಲ್ ಒಳಗೆ ಕೈಬೆರಳು ಹಿಡಿದು ರೇಟು ಕುದುರಿಸ್ತರೆ. ಮನೆಗೆ ತಂದ ಮೇಲೆ ಅದಕ್ಕೆ ಹುರುಳಿ ಬೇಯ್ಸೋರು ಯಾರು, ಹಿಂಡಿ ನೆನೆ ಹಾಕೋರು ಯಾರು, ಕಲಗಚ್ಚು ಇಡೋರು ಯಾರು? ನಮ್ಮಜ್ಜಿ, ನಮ್ಮವ್ವ. ಗಾಡಿ ಹೊಡಿಯೋರು ಗಂಡಸರು, ಮೇವು ಹಾಕೋರು ಹೆಂಗಸರು. ಒಂದು ಮಾತು ಮಾತ್ರ ನಿಜ, ಆ ಮೇವು ನಮ್ ಹೊಲದ್ದೇ. ರಾಗಿಹುಲ್ಲಿಗೆ ಯಾರ್ ಮುಂದೂ ಕೈಚಾಚಬೇಕಾಗಿರ್ಲಿಲ್ಲ.

ಈಗ ಹೊರದೇಶದ ಮಾತು. 1888ರಲ್ಲಿ ಜರ್ಮನಿಯಲ್ಲಿ ಬೆರ್ಥಾ ಬೆಂಜ್ ಅನ್ನೋ ಹೆಣ್ಮಗಳು, ಗಂಡ ಕಾರ್ಲ್ ಬೆಂಜ್ ಮಾಡಿದ್ದ ಮೂರು ಚಕ್ರದ ಮೋಟಾರು ಗಾಡೀನ ಗಂಡಂಗೆ ಹೇಳದೆ ಎತ್ಕಂಡು, ಇಬ್ರು ಮಕ್ಕಳನ್ನ ಕೂರಿಸ್ಕಂಡು ತೌರಿಗೆ ಹೊರಟಳು. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟು ದೂರ ಮೋಟಾರು ಗಾಡಿ ಓಡಿದ್ದು ಅದೇ ಮೊದ್ಲು. ದಾರೀಲಿ ಎಣ್ಣೆ ಮುಗೀತು. ಆಗ ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲ. ಔಷಧಿ ಅಂಗಡೀಲಿ ಕಲೆ ತೆಗೆಯಕ್ಕೆ ಮಾರ್ತಿದ್ದ ಎಣ್ಣೆ ಕೊಂಡು ಹುಯ್ದಳು. ಗಾಡಿ ಚೆನ್ನಾಗಿದ್ರೆ ಸಾಲದು, ಅದಕ್ಕೆ ಮೇವು ಸಿಗೋ ಜಾಗ ಬೇಕು ಅಂತ ಮೊದ್ಲು ಕಂಡ್ಕಂಡೋಳೂ ಹೆಂಗಸೇ.

ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ, ಅಂದ್ರೆ 1900ರ ಹೊತ್ತಿಗೆ, ಅಮೇರಿಕಾದಲ್ಲಿ ಮೂರು ತರದ ಕಾರು ಓಡಾಡ್ತಿದ್ವು. ಉಗಿ, ಪೆಟ್ರೋಲು, ಕರೆಂಟು. ಹೆಚ್ಚುಕಮ್ಮಿ ಮೂರರಲ್ಲಿ ಒಂದು ಕರೆಂಟಿನದೇ. ಪೆಟ್ರೋಲ್ ಗಾಡಿ ಶುರು ಮಾಡ್ಬೇಕು ಅಂದ್ರೆ ಮುಂದ್ಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸ್ಬೇಕು. ಅದು ಹಿಂದಕ್ಕೆ ಒದ್ದರೆ ಕೈ ಮುರೀತಿತ್ತು. ಸದ್ದು, ಹೊಗೆ, ನಾತ ಬೇರೆ. ಕರೆಂಟ್ ಕಾರಿಗೆ ಅದ್ಯಾವ್ದೂ ಇಲ್ಲ. ಅದಕ್ಕೇ ಕಂಪನಿಯೋರು ಇದು ಹೆಂಗಸರ ಕಾರು ಅಂತಲೇ ಜಾಹೀರಾತು ಹಾಕೋರು. ಡೆಟ್ರಾಯ್ಟ್ ಎಲೆಕ್ಟ್ರಿಕ್ ಅಂತ ಒಂದು ಕಂಪನಿ ಇತ್ತು. ಪೆಟ್ರೋಲ್ ಕಾರು ಮಾಡಿ ಲೋಕಕ್ಕೇ ಮಾರಿದ ಹೆನ್ರಿ ಫೋರ್ಡ್ ಹೆಂಡ್ತಿ ಕ್ಲಾರಾ ಫೋರ್ಡ್ ಓಡಿಸ್ತಿದ್ದದ್ದು ಆ ಡೆಟ್ರಾಯ್ಟ್ ಕಂಪನಿಯ ಕರೆಂಟ್ ಕಾರು!

ಹಂಗಾದ್ರೆ ಕರೆಂಟ್ ಕಾರು ಯಾಕೆ ಮಾಯ ಆಯ್ತು? ಕೆಟ್ಟದಾಗಿತ್ತು ಅಂತಲ್ಲ. 1908ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಅನ್ನೋ ಕಾರು ತಂತು, ವರ್ಷ ವರ್ಷ ಅದ್ರ ಬೆಲೆ ಇಳಿಸ್ತಾ ಹೋಯ್ತು. 1912ರಲ್ಲಿ ಪೆಟ್ರೋಲ್ ಕಾರು 650 ಡಾಲರಿಗೆ ಸಿಕ್ಕಿದ್ರೆ ಕರೆಂಟ್ ಕಾರಿಗೆ 1750 ಡಾಲರ್. ಅದೇ ವರ್ಷ ಕ್ಯಾಡಿಲಾಕ್ ಕಾರಿಗೆ ಬಟನ್ ಸ್ಟಾರ್ಟ್ ಬಂತು, ಹ್ಯಾಂಡಲ್ ತಿರುಗಿಸೋ ಕಷ್ಟ ಹೋಯ್ತು. ಎಲ್ಲಕ್ಕಿಂತ ದೊಡ್ಡದು ಮೇವಿನ ಮಾತು. ಪೆಟ್ರೋಲನ್ನ ಟಿನ್ನಲ್ಲಿ ತುಂಬಿಸ್ಕಂಡು ಯಾವ ಹಳ್ಳಿಗಾದ್ರೂ ತಗಂಡೋಗಬಹುದು. ಕರೆಂಟಿಗೆ ಕಂಬ ಬೇಕು, ತಂತಿ ಬೇಕು. ಅಮೇರಿಕಾದಲ್ಲೇ ಆಗ ಹಳ್ಳಿಗಳಿಗೆ ಕರೆಂಟಿಲ್ಲ. ಸೋತದ್ದು ಗಾಡಿ ಅಲ್ಲ ಕಣ್ರವ್ವ, ಮೇವು ಊರೂರಿಗೆ ಮುಟ್ಟಲಿಲ್ಲ ಅಷ್ಟೆ.

ನಮ್ ಮೈಸೂರು ಸೀಮೆ ಮಾತು ಇನ್ನೂ ವಿಚಿತ್ರ. ಇಡೀ ಏಷ್ಯಾದಲ್ಲೇ ಮೊದಮೊದಲಿಗೆ ದೊಡ್ಡದಾಗಿ ಕರೆಂಟ್ ಮಾಡಿದೋರಲ್ಲಿ ನಾವೂ ಇದ್ದೋ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಹಿಡಿದ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯ್ತು. ಹುಣಸೂರಿನ ಲಕ್ಷ್ಮಣತೀರ್ಥ, ಎಡತೊರೆ ಮುಂದೆ ಹರಿಯೋ ಕಾವೇರಿ, ಕೋಟೆ ಕಡೆಯಿಂದ ಬರೋ ಕಬಿನಿ, ಎಲ್ಲಾ ಸೇರಿ ಅಲ್ಲೇ ಧುಮುಕೋದು. ಆ ಕರೆಂಟು ಮೊದ್ಲು ಹೋದದ್ದು ಸುಮಾರು 147 ಕಿಲೋಮೀಟರ್ ಆಚೆ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ. ನೀರು ನಮ್ದು, ಬೆಳಕು ಗಣಿಗೆ. ನಾವು ಬುಡ್ಡಿ ದೀಪದಲ್ಲಿ ಇನ್ನೂ ಎಷ್ಟೋ ದಶಕ ಕೂತಿದ್ದೋ. ಭಾಗ್ಯಜ್ಯೋತಿಲಿ ಒಂದೇ ಒಂದು ಬಲ್ಬ್ ಬಂದಾಗ ಬೀದಿಯೋರೆಲ್ಲ ಬಂದು ನೋಡಿದ್ದು ನಂಗೆ ಗ್ಯಾಪಕ ಅದೆ. ಹಂಗಿದ್ದೋರಿಗೆ ಕರೆಂಟ್ ಕಾರಿನ ಕನಸು ಎಲ್ಲಿಂದ ಬಿದ್ದೀತು?

ಪೆಟ್ರೋಲೇನು ನೆಚ್ಚಿಗೆ ಉಳ್ಸಂತ್ತಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಹಿಂದೆ ಒಲೆ ತರದ ದೊಡ್ಡ ಡ್ರಮ್ ಕಟ್ಟಿ, ಇದ್ದಿಲು ಸುಟ್ಟು, ಆ ಗ್ಯಾಸಲ್ಲಿ ಓಡಿಸೋರು. ಕ್ಲೀನರ್ ತಿದಿ ತಿರುಗಿಸಿ ತಿರುಗಿಸಿ ಮುಖವೆಲ್ಲ ಮಸಿ. ಏರು ಬಂದ್ರೆ ಗಂಡಸರೆಲ್ಲ ಇಳಿದು ತಳ್ಬೇಕು, ಹೆಂಗಸರು ಕೂತೇ ಇರೋರು ಅಂತ ನಮ್ಮಜ್ಜಿ ನಗ್ತಾ ಹೇಳೋರು. ಎಲ್ಲೋ ದೂರದಲ್ಲಿ ಯುದ್ಧ ಆದ್ರೆ ನಮ್ ಬಸ್ಸಿನ ಹೊಟ್ಟೆಗೆ ಇದ್ದಿಲು. ಅದು ಆವತ್ತಿಗೂ ನಿಜ, ಇವತ್ತಿಗೂ ನಿಜ. ಇವತ್ತೂ ನಮ್ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೇಲಿ ಹೆಚ್ಚಿನ ಪಾಲು ಹೊರಗಿಂದಲೇ ಬರೋದು.

ಆಮೇಲಿನದು ನಿಮ್ಗೇ ಗೊತ್ತು. ಕೊಡಗಿಗೆ ಹೋಗೋ ಜೀಪುಗಳು, ಮದ್ವೆಗೆ ಬಾಡಿಗೆ ಅಂಬಾಸಿಡರು, 1983ರ ಕೊನೇಲಿ ಬಂದ ಮಾರುತಿ 800, ಬಿಡದೀಲಿ ತಯಾರಾದ ಕ್ವಾಲಿಸ್ಸು, ಇನ್ನೋವಾ, ಫಾರ್ಚುನರ್ರು. ನಮ್ ಕಡೆ 1984ರಲ್ಲಿ ಹೊಗೆಸೊಪ್ಪಿನ ಹರಾಜು ಪದ್ಧತಿ ಬಂದು ಒಟ್ಟಿಗೇ ದುಡ್ಡು ಕೈಗೆ ಸಿಕ್ಕಕ್ಕೆ ಶುರುವಾದ ಮೇಲೆ ಮನೆ ಮುಂದಿನ ಗಾಡಿ ದೊಡ್ಡದಾಗ್ತಾನೇ ಹೋಯ್ತು.

ನಡುವೆ ನಮ್ ಬೆಂಗಳೂರಲ್ಲೇ ಒಂದು ಕೆಲಸ ಆಯ್ತು. 2001ರಲ್ಲಿ ಚೇತನ್ ಮೈನಿ ಅವ್ರ ರೇವಾ ಅನ್ನೋ ಪುಟಾಣಿ ಕರೆಂಟ್ ಕಾರು ರೋಡಿಗೆ ಬಂತು. ಎರಡು ಬಾಗಿಲು, ಇಬ್ರು ದೊಡ್ಡೋರು, ಹಿಂದೆ ಎರಡು ಮಕ್ಕಳು. ಲಂಡನ್ನಿಗೂ ಹೋಯ್ತು, ಅಲ್ಲಿ ಜಿ-ವಿಜ್ ಅಂತ ಹೆಸರು. ಪೇಟೆ ಒಳಗೆ ಬರೋ ಕಾರಿಗೆ ಲಂಡನ್ನಲ್ಲಿ ಹಾಕೋ ಸುಂಕ ಅದಕ್ಕಿರ್ಲಿಲ್ಲ, ಅದಕ್ಕೇ ಅಲ್ಲಿಯೋರು ಇಷ್ಟಪಟ್ರು. ಆದ್ರೆ ಅದ್ರಲ್ಲಿದ್ದದ್ದು ನಮ್ ಯುಪಿಎಸ್ ಬ್ಯಾಟರಿ ತರದ ಸೀಸದ ಬ್ಯಾಟರಿ. ಒಂದ್ ಸಲ ತುಂಬಿಸಿದ್ರೆ ಸುಮಾರು 80 ಕಿಲೋಮೀಟರ್. ಹುಣಸೂರಿಂದ ಮೈಸೂರಿಗೆ ಹೋಗಿ ಬರಕ್ಕೇ 90 ಆಯ್ತದೆ! ನಮ್ಗೆ ಅದು ಒದಗ್ತಿರ್ಲಿಲ್ಲ. 2010ರಲ್ಲಿ ಆ ಕಂಪನಿ ಮಹೀಂದ್ರಾದೋರ ಕೈಗೆ ಹೋಯ್ತು.

ಈಗ ಬದಲಾಗಿರೋದು ಎರಡು. ಒಂದು ಬ್ಯಾಟರಿ. ಮೊಬೈಲಲ್ಲಿ ಇರೋ ಜಾತಿ ಲಿಥಿಯಂ ಬ್ಯಾಟರಿ ಬಂದು, ಐದು ಸೀಟಿನ ಗಾಡಿ ಒಂದು ಚಾರ್ಜಿಗೆ ಇನ್ನೂರೈವತ್ತು, ಮುನ್ನೂರು ಕಿಲೋಮೀಟರ್ ಹೋಯ್ತದೆ. ಎರಡನೇದು ಮೇವು. ಕಂಬ, ತಂತಿ ನಮ್ ಹಟ್ಟಿ ಬಾಗಿಲಿಗೇ ಬಂದಿದೆ. 1912ರಲ್ಲಿ ಯಾವ್ದು ಇಲ್ಲ ಅಂತ ಕರೆಂಟ್ ಕಾರು ಸೋತಿತೋ, ಅದು ಈಗ ಅದೆ.

ಇನ್ನು ಲೆಕ್ಕ. ಸೊಸೆ ಓಡಾಟ ದಿನಕ್ಕೆ ಸುಮಾರು 50 ಕಿಲೋಮೀಟರ್, ತಿಂಗ್ಳಿಗೆ 1250. ದೊಡ್ಡ ಪೆಟ್ರೋಲ್ ಗಾಡಿ ಲೀಟರಿಗೆ ಹತ್ತು ಕೊಟ್ರೆ 125 ಲೀಟರ್, ಲೀಟರಿಗೆ ನೂರು ಅಂದ್ರೂ 12,500 ರೂಪಾಯಿ. ಕರೆಂಟ್ ಗಾಡಿ ಒಂದು ಯೂನಿಟ್ಟಿಗೆ ಆರು ಕಿಲೋಮೀಟರ್ ಅಂತ ಇಟ್ಕಂಡ್ರೆ 210 ಯೂನಿಟ್, ಏಳು ರೂಪಾಯಿ ಹಾಕಿದ್ರೂ ಸಾವಿರದೈನೂರು. ತಿಂಗ್ಳಿಗೆ ಹನ್ನೊಂದು ಸಾವಿರ ಉಳಿತಾಯ. ತೆರಿಗೇಲೂ ಅಂತರ ಅದೆ. ಕರೆಂಟ್ ಗಾಡಿಗೆ ಜಿಎಸ್‌ಟಿ ನೂರಕ್ಕೆ 5. ದೊಡ್ಡ ಪೆಟ್ರೋಲ್ ಗಾಡಿಗೆ ಮೊದ್ಲು ಸೆಸ್ ಸೇರಿ 50 ಇತ್ತು, 2025ರ ಸೆಪ್ಟೆಂಬರ್ 22ರಿಂದ 40. ರಸ್ತೆ ತೆರಿಗೆ ರಾಜ್ಯದ್ದು. 25 ಲಕ್ಷ ದಾಟಿದ ಕರೆಂಟ್ ಗಾಡಿಗೂ 2024ರಲ್ಲಿ ನೂರಕ್ಕೆ 10 ಹಾಕಿದ್ರು. ಇದು ಆಗಾಗ ಬದಲಾಗ್ತದೆ, ತಗಳೋ ದಿನ ಕೇಳ್ಕಳಿ.

ಗಂಡಸರು ಹಾಕದ ಲೆಕ್ಕ ಒಂದದೆ, ಅದು ನಮ್ದು. ಗೃಹಜ್ಯೋತಿ! ತಿಂಗ್ಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಕಾರೊಂದೇ 210 ಕುಡಿದ್ರೆ ಮನೆ ಕರೆಂಟಿನ ಫ್ರೀ ಹೋಯ್ತು ಅಂತಲೇ ಲೆಕ್ಕ. ಅದಕ್ಕೆ ಗಾಡಿಗೆ ಅಂತಲೇ ಬೇರೆ ಮೀಟರ್ ಹಾಕ್ಸಬಹುದು, ಅದ್ರ ದರವೂ ಬೇರೆ. ಗಾಡಿ ಬುಕ್ ಮಾಡೋಕೆ ಮುಂಚೆ ಚೆಸ್ಕಾಂ ಆಫೀಸಿಗೆ ಹೋಗಿ ಕೇಳಿ. ಹದಿನೈದು ಆಂಪಿನ ಪ್ಲಗ್ಗಲ್ಲಿ ತುಂಬಕ್ಕೆ ರಾತ್ರಿಯೆಲ್ಲಾ ಬೇಕು, ಅರ್ತಿಂಗ್ ಸರಿಯಾಗಿರಬೇಕು. ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿಲ್ಲದ ಊರಾದ್ರೆ ಅದನ್ನೂ ನೆನಪಲ್ಲಿಟ್ಕಳಿ. ಹಳೇ ಗಾಡಿ ಕೊಳ್ಳೋರು ಚುಂಚನಕಟ್ಟೇಲಿ ಹಲ್ಲು ನೋಡ್ದಂಗೆ ಬ್ಯಾಟರಿ ವಯಸ್ಸು ನೋಡಿ. ಸುಮಾರು ಕಂಪನಿಯೋರು ಬ್ಯಾಟರಿಗೆ 8 ವರ್ಷ ಇಲ್ಲಾ 1,60,000 ಕಿಲೋಮೀಟರ್ ವಾರಂಟಿ ಕೊಡ್ತರೆ. ಅದ್ರಲ್ಲಿ ಎಷ್ಟು ಉಳಿದದೆ ಅಂತ ಕಾಗದದಲ್ಲಿ ತೋರಿಸಿ ಅನ್ನಿ.

ಪೆಟ್ರೋಲ್ ಗಾಡಿ ಬೇಡವೇ ಬೇಡ ಅಂತ ನಾನು ಹೇಳಲ್ಲ. ಮನೇಲಿ ಎಂಟು ಜನ ಇದ್ದು ತಿಂಗಳಿಗೊಂದ್ ಸಲ ಧರ್ಮಸ್ಥಳ, ತಿರುಪತಿ ಅಂತ ದೂರ ಹೋಗೋರು, ಗಾಡಿ ನಿಲ್ಸಕ್ಕೆ ಸ್ವಂತ ಜಾಗ ಇಲ್ಲದೆ ಬಾಡಿಗೆ ಮನೇಲಿರೋರು, ಕಬಿನಿ ಆಚೆ ಕಾಡಂಚಿನ ತೋಟದಲ್ಲಿ ಕರೆಂಟ್ ನೆಚ್ಚಿಗೆ ಇಲ್ಲದೋರು, ಅವ್ರಿಗೆ ಎಣ್ಣೆ ಗಾಡೀನೇ ವಾಸಿ. ಸ್ವಂತ ಮನೆ, ಸ್ವಂತ ಕೊಟ್ಟಿಗೆ, ದಿನಾ ಒಂದೇ ದಾರಿ ಇರೋರಿಗೆ ಕರೆಂಟ್ ಗಾಡಿ ಅಂತ ನನ್ ಲೆಕ್ಕ.

ದುಡ್ಡಿನ ಲೆಕ್ಕ ಬಿಟ್ಟು ಇನ್ನೊಂದು ಮಾತು. ಎತ್ತಿನ ಕಾಲದಲ್ಲಿ ಮೇವು ನಮ್ ಕೈಲಿತ್ತು, ಹಗ್ಗ ಮಾತ್ರ ನಮ್ ಕೈಲಿರ್ಲಿಲ್ಲ. ಪೆಟ್ರೋಲ್ ಕಾಲದಲ್ಲಿ ನಮ್ ಹೆಣ್ಮಕ್ಕಳು ಡ್ರೈವಿಂಗ್ ಕಲಿತು ಹಗ್ಗ ಹಿಡಿದ್ರು, ಆದ್ರೆ ಮೇವಿನ ದುಡ್ಡಿಗೆ ಪ್ರತಿ ಸಲ ಗಂಡಂದಿರನ್ನ ಕೇಳೋ ಹಂಗಾಯ್ತು. "ಮೊನ್ನೆ ತಾನೆ ಸಾವಿರ ಹಾಕ್ಸಿದ್ನಲ್ಲ, ಎಲ್ಲಿಗೋಗಿದ್ದೆ?" ಅನ್ನೋ ಪ್ರಶ್ನೆ ಕೇಳಿಸ್ಕಳದೋರು ನಮ್ಮಲ್ಲಿ ಯಾರಿದೀರಿ? ಕೊಟ್ಟಿಗೇಲಿ ಎತ್ತಿಗೆ ಹುಲ್ಲು ಹಾಕ್ದಂಗೆ ರಾತ್ರಿ ಗಾಡಿಗೆ ತಂತಿ ಸಿಕ್ಕಿಸಿ ಮಲಗೋ ಹೆಂಗಸಿಗೆ ಮೇವೂ ಕೈಲದೆ, ಹಗ್ಗವೂ ಕೈಲದೆ. ಇವೆರಡೂ ಒಟ್ಟಿಗೆ ನಮ್ ಕೈಗೆ ಬಂದದ್ದು ಹುಣಸೂರು ಗಾಡಿ ಕಾಲದಿಂದ ಇದೇ ಮೊದ್ಲು.

ಅದಕ್ಕೆ ಅಕ್ಕಂದಿರಾ, ತಂಗ್ಯಂದಿರಾ, ಈ ಸಲ ಗಾಡಿ ಮಾತು ಬಂದಾಗ ಕಾಫಿ ಕೊಟ್ಟು ಒಳಕ್ಕೆ ಹೋಗ್ಬೇಡಿ. ಅಲ್ಲೇ ಕೂತ್ಕಂಡು ಮೂರು ಪ್ರಶ್ನೆ ಕೇಳಿ. ದಿನಾ ಇದನ್ನ ಓಡಿಸೋರು ಯಾರು? ರಾತ್ರಿ ಇದು ನಿಲ್ಲೋದು ಎಲ್ಲಿ? ಇದಕ್ಕೆ ಮೇವು ಹಾಕೋರು ಯಾರು? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದ್ರೆ ಯಾವ ಗಾಡಿ ಅನ್ನೋದು ತಂತಾನೇ ಗೊತ್ತಾಯ್ತದೆ.