ಏಳು ಸಂಕೇತಗಳ ‘ಕನ್ನಡ’: ಮುಂಬಯಿಯ ಡಿಟಿಪಿ ಚರಿತ್ರೆಗೊಂದು ತಿದ್ದುಪಡಿ

ಮುಂಬಯಿ ಮತ್ತು ನವಿ ಮುಂಬಯಿಯ ಕನ್ನಡ ಮುದ್ರಣದ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ಕೇಳಿಬರುತ್ತದೆ. ಮೊಳೆ ಜೋಡಣೆಯಿಂದ ಕಂಪ್ಯೂಟರಿಗೆ ಬಂದ ನಮ್ಮ ಡಿಟಿಪಿ ಕೆಲಸಗಾರರು ಕೀಲಿಮಣೆಯ ಶಾರ್ಟ್‌ಕಟ್ ಕಲಿಯಲಿಲ್ಲ, ಮೌಸಿಗೆ ಜೋತುಬಿದ್ದರು, ಅದರಿಂದ ಕನ್ನಡದ ಕೆಲಸ ಇಂಗ್ಲಿಷಿನದಕ್ಕಿಂತ ನಿಧಾನವಾಯಿತು ಎಂಬುದು ಅದರ ಸಾರ. ಇದಕ್ಕೆ ಕೊಡುವ ಸಾಕ್ಷ್ಯ ಒಂದೇ: ಕರಡು ತಿದ್ದುವಾಗ ಅವರು ತಪ್ಪಾದ ಪದವನ್ನು ಕಂಟ್ರೋಲ್-ಶಿಫ್ಟ್-ಬಾಣದ ಕೀ ಒತ್ತಿ ಸೆಲೆಕ್ಟ್ ಮಾಡುತ್ತಿರಲಿಲ್ಲ, ಮೌಸನ್ನು ಪದದ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು, ಇಲ್ಲವೇ ಇಡೀ ಸಾಲು ಅಳಿಸಿ ಮತ್ತೆ ಟೈಪ್ ಮಾಡುತ್ತಿದ್ದರು.

ನೋಟ ಸರಿಯಾಗಿದೆ. ಅದರಿಂದ ತೆಗೆದ ತೀರ್ಮಾನ ಪೂರ್ತಿ ತಪ್ಪು. ಕೆಲಸಗಾರರ ಕೈಯನ್ನು ನೋಡಿದವರು ಆ ಕೈ ತಿದ್ದುತ್ತಿದ್ದ ಕಡತವನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ವಾಶಿ, ನೆರೂಲ್, ಡೊಂಬಿವಲಿ, ಕಲ್ಯಾಣದ ಕನ್ನಡಿಗರು ಅಚ್ಚು ಹಾಕಿಸಿದ ಸ್ಮರಣ ಸಂಚಿಕೆ, ಮದುವೆ ಕಾಗದ, ಯಕ್ಷಗಾನದ ಕರಪತ್ರ ಮುಂತಾದವುಗಳ ಮೂಲ ಕಡತಗಳು ಹಳೆಯ ಡಿಸ್ಕುಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಚರಿತ್ರೆ ಬರೆಯುವವರು ಅಚ್ಚಾದ ಹಾಳೆಯನ್ನು ಆಕರ ಎನ್ನುತ್ತಾರೆ, ಕಡತವನ್ನು ಕಸ ಎಂದು ತಿಳಿಯುತ್ತಾರೆ. ನನ್ನ ವಾದ ಆ ಕಡತಗಳ ಮೇಲೆ ನಿಂತಿದೆ.

ಒಂದೇ ಪದವನ್ನು ಪರೀಕ್ಷೆಗೆ ತೆಗೆದುಕೊಳ್ಳೋಣ: ‘ಕನ್ನಡ’. ನುಡಿ ಫಾಂಟಿನ ಹಳೆಯ, ಯೂನಿಕೋಡ್ ಅಲ್ಲದ ಕಡತದಲ್ಲಿ ಈ ಪದ 80, 192, 163, 192, 223, 113, 192 ಎಂಬ ಏಳು ಸಂಕೇತಗಳಾಗಿ ಕೂತಿರುತ್ತದೆ. (ಬರಹದ ಹಳೆಯ ಫಾಂಟುಗಳಲ್ಲೂ ಹೀಗೆಯೇ. ಶ್ರೀಲಿಪಿಯ ಏರ್ಪಾಡು ಬೇರೆ. ಅದನ್ನು ಇಲ್ಲಿ ಎಳೆದು ತರುವುದಿಲ್ಲ.) 80 ಎಂದರೆ ‘ಕ’ದ ಒಡಲು, 192 ತಲೆಕಟ್ಟು, 163 ‘ನ’ದ ಒಡಲು, ಮತ್ತೆ ತಲೆಕಟ್ಟು, 223 ‘ನ’ದ ಒತ್ತು, 113 ‘ಡ’ದ ಒಡಲು, ಕೊನೆಗೆ ಇನ್ನೊಂದು ತಲೆಕಟ್ಟು. ಕಂಪ್ಯೂಟರಿಗೆ ಇದೊಂದೂ ತಿಳಿಯದು. ಅದರ ಲೆಕ್ಕದಲ್ಲಿ 80 ಇಂಗ್ಲಿಷಿನ ದೊಡ್ಡ ಪಿ, 192 ತಲೆಯ ಮೇಲೆ ಗೀಟು ಹೊತ್ತ ಎ, 223 ಜರ್ಮನ್ನರ ಜೋಡಿ ಎಸ್, 113 ಸಣ್ಣ ಕ್ಯೂ. ಇವೆಲ್ಲ ಏನೇ ಇರಲಿ, ಅಕ್ಷರಗಳು. 163 ಮಾತ್ರ ಅಕ್ಷರವಲ್ಲ. ಅದು ಬ್ರಿಟಿಷ್ ಪೌಂಡಿನ ಚಿಹ್ನೆ.

ಈಗ ಪದದ ಮುಂದೆ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್ ಹಿಡಿದು ಬಲಬಾಣ ಒತ್ತಿ. ಅಕ್ಷರ ಯಾವುದು, ಚಿಹ್ನೆ ಯಾವುದು ಎಂದು ವಿಂಗಡಿಸಿ ಪದದ ಗಡಿ ಗುರುತಿಸುವ ತಂತ್ರಾಂಶದಲ್ಲಿ ಮೊದಲ ಒತ್ತಿಗೆ ‘ಕ’ ಮಾತ್ರ ಸೆಲೆಕ್ಟ್ ಆಗುತ್ತದೆ. ಎರಡನೆಯದಕ್ಕೆ ತಲೆಕಟ್ಟಿಲ್ಲದ ‘ನ’. ಮೂರನೆಯದಕ್ಕೆ ಆ ‘ನ’ ಕಳೆದುಕೊಂಡ ತಲೆಕಟ್ಟು, ಒತ್ತು ಮತ್ತು ‘ಡ’ ಸೇರಿದ ಬಾಲ. ಪದ ಮೂರು ಹೋಳಾಯಿತು. ಅದರಲ್ಲೂ ಒಂದು ಸೀಳು ಅಕ್ಷರದ ಒಡಲಿಗೂ ತಲೆಕಟ್ಟಿಗೂ ನಡುವೆ ಬಿತ್ತು. ‘ಡ’ದ ಮೇಲೆ ಮೌಸ್ ಇಟ್ಟು ಡಬಲ್ ಕ್ಲಿಕ್ ಮಾಡಿ ಅಳಿಸಿದರೆ ‘ಕ’ ಮತ್ತು ಬೋಳು ‘ನ’ ಉಳಿಯುತ್ತವೆ. ಆಮೇಲೆ ಏನನ್ನೇ ಟೈಪ್ ಮಾಡಿದರೂ ಆ ಬೋಳು ‘ನ’ ಅಲ್ಲೇ ನಿಂತಿರುತ್ತದೆ. ಮದುವೆ ಕಾಗದದಲ್ಲಿ ವರನ ಹೆಸರಿನ ನಡುವೆ ಇಂಥದೊಂದು ಅಕ್ಷರ ಅಚ್ಚಾದರೆ ಬೈಗುಳ ತಿನ್ನುವವರು ಯಾರು ಎಂದು ಕೇಳಬೇಕಾಗಿಲ್ಲ.

ಇದು ಒಂದು ಪದದ ಆಕಸ್ಮಿಕ, ಉಳಿದದ್ದೆಲ್ಲ ಸರಿಯಿತ್ತು ಎಂಬ ವಾದ ಬರಬಹುದು. ಹಾಗಿಲ್ಲ. ‘ನಿ’ಗೆ ಕೊಟ್ಟ 164 ನಾಣ್ಯದ ಚಿಹ್ನೆ. ‘ಶ’ದ ಒಡಲಾದ 177 ಕೂಡು-ಕಳೆ ಚಿಹ್ನೆ. ‘ಳ’ದ 188 ಕಾಲು ಎಂಬ ಭಿನ್ನರಾಶಿ. ‘ಶಿ’ಗೆ ಕೊಟ್ಟ 178 ಗಣಿತದ ವರ್ಗದ ಗುರುತು, ಅಂದರೆ ಮೇಲೇರಿದ ಎರಡು. ಹಾಗಾಗಿ ‘ವಾಶಿ’ ಕೂಡ ಒಂದೇ ಏಟಿಗೆ ಸೆಲೆಕ್ಟ್ ಆಗುವ ಪದವಲ್ಲ; 170, 193ಕ್ಕೆ ನಿಂತು 178ರಲ್ಲಿ ಬೇರೆಯಾಗುತ್ತದೆ. ಪ್ರತಿ ಆಮಂತ್ರಣದ ನೆತ್ತಿಯಲ್ಲಿ ಬರುವ ‘ಶ್ರೀ’ 178, 230, 195 ಎಂದು ಕೂತಿದೆ, ಅದೂ ಎರಡು ತುಂಡು. ‘ನ್ನು’, ‘ನಿಂದ’, ‘ಗಳು’ ಇಲ್ಲದೆ ಕನ್ನಡದಲ್ಲಿ ಒಂದು ಪ್ಯಾರಾ ಬರೆಯಲು ಆಗುತ್ತದೆಯೇ? ಸಾಲಿಗೆ ಹಲವು ಸಲ ಬರುವ ಪ್ರತ್ಯಯಗಳೇ ಈ ಚಿಹ್ನೆಗಳ ಮೇಲೆ ನಿಂತಿವೆ. ಖಾಲಿ ಜಾಗವನ್ನಷ್ಟೇ ಪದದ ಗಡಿ ಎಂದು ತಿಳಿಯುವ ಸರಳ ತಂತ್ರಾಂಶಗಳಲ್ಲಿ ಈ ತೊಡಕಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂಥವುಗಳಲ್ಲಿ ಯಾರೂ ಪುಸ್ತಕದ ಪುಟ ಕಟ್ಟುವುದಿಲ್ಲ.

ಇನ್ನು ‘ಕರ್ನಾಟಕ’ ನೋಡಿ: 80, 192, 163, 193, 240, 108, 80, 192. ಇದರಲ್ಲಿ 240 ಅರ್ಕಾವತ್ತು. ಬಾಯಲ್ಲಿ ‘ನಾ’ಕ್ಕಿಂತ ಮೊದಲು ಬರುವ ರೇಫ ಕಡತದಲ್ಲಿ ‘ನಾ’ ಆದ ಮೇಲೆ ಬರುತ್ತದೆ. ಶಿಫ್ಟ್ ಹಿಡಿದು ಒಂದೊಂದೇ ಬಾಣ ಒತ್ತುತ್ತಾ ಹೋದರೆ ಯಾವ ಹೆಜ್ಜೆಯಲ್ಲಿ ಯಾವ ಅಕ್ಷರ ಮುಗಿಯಿತು ಎಂಬುದು ಕಣ್ಣಿಗೂ ತಿಳಿಯದು, ಬೆರಳಿಗೂ ತಿಳಿಯದು. ಇಂಥ ಕಡತದಲ್ಲಿ ಮೌಸ್ ಎಳೆದು ಎರಡೂ ತುದಿಯನ್ನು ಕಣ್ಣಳತೆಯಲ್ಲಿ ಖಾತ್ರಿ ಮಾಡಿಕೊಂಡವನು ಸೋಮಾರಿಯಲ್ಲ. ಅವನು ಕಸುಬು ಬಲ್ಲವನು.

ಅವರಿಗೆ ಶಾರ್ಟ್‌ಕಟ್ ಗೊತ್ತಿರಲಿಲ್ಲ ಎಂಬುದೂ ಸುಳ್ಳು. ವಾಶಿಯ ಒಂದು ಡಿಟಿಪಿ ಅಂಗಡಿಯಲ್ಲಿ ಹಳಬರೊಬ್ಬರು ಕೆಲಸ ಮಾಡುವುದನ್ನು ಬದಿಯಲ್ಲಿ ಕೂತು ಗಮನಿಸಿದ್ದೇನೆ. ಶಿಫ್ಟ್-ಹೋಮ್, ಶಿಫ್ಟ್-ಎಂಡ್, ಕಂಟ್ರೋಲ್-ಎ, ಕಂಟ್ರೋಲ್-ಝಡ್‌ಗಳನ್ನು ಅವರ ಕೈಗಳು ನೋಡದೆಯೇ ಒತ್ತುತ್ತಿದ್ದವು. ಪದಕ್ಕೆ ಬಂದಾಗ ಮಾತ್ರ ಬಲಗೈ ಮೌಸಿಗೆ ಹೋಗುತ್ತಿತ್ತು. ಸಾಲಿನ ಗಡಿ, ಕಡತದ ಗಡಿ ಫಾಂಟಿನ ಸಂಕೇತವನ್ನು ಅವಲಂಬಿಸಿಲ್ಲ, ಆದ್ದರಿಂದ ಅಲ್ಲಿ ಕೀಲಿಮಣೆ ಮೋಸ ಮಾಡುವುದಿಲ್ಲ. ಪದದ ಗಡಿ ಅವಲಂಬಿಸಿದೆ, ಆದ್ದರಿಂದ ಅಲ್ಲಿ ಮೌಸ್. ಈ ವಿಂಗಡಣೆಯನ್ನು ಅವರಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ನಕಲು, ಅಂಟಿಸುವಿಕೆಗೆ ಅವರ ಕೈ ಒತ್ತುತ್ತಿದ್ದದ್ದು ಕಂಟ್ರೋಲ್-ಇನ್ಸರ್ಟ್, ಶಿಫ್ಟ್-ಇನ್ಸರ್ಟ್. ಇವು ಐಬಿಎಂ 1987ರಲ್ಲಿ ಹೊರತಂದ ಸಾಮಾನ್ಯ ನಿಯಮಾವಳಿಯ ಕೀಲಿಗಳು. 1992ರ ವಿಂಡೋಸ್ 3.1ರಲ್ಲಿ ಕಂಟ್ರೋಲ್ ಜೊತೆಗಿನ ಎಕ್ಸ್, ಸಿ, ವಿ ಬಂದ ಮೇಲೂ ಉಳಿದುಕೊಂಡವು. ಶಾರ್ಟ್‌ಕಟ್ ಬಾರದವನ ಕೈಯಲ್ಲಿ ಅಷ್ಟು ಹಳೆಯ ಶಾರ್ಟ್‌ಕಟ್ ಇರುವುದಿಲ್ಲ.

ಈ ಕೀಲಿಗಳ ಹುಟ್ಟಿನ ಬಗ್ಗೆಯೂ ಒಂದು ಮಾತು. 2020ರ ಫೆಬ್ರವರಿಯಲ್ಲಿ ಲ್ಯಾರಿ ಟೆಸ್ಲರ್ ತೀರಿಕೊಂಡಾಗ ಕಂಟ್ರೋಲ್-ಸಿ, ಕಂಟ್ರೋಲ್-ವಿಗಳ ಜನಕ ಎಂಬ ಸುದ್ದಿ ಎಲ್ಲೆಡೆ ಓಡಾಡಿತು. ಟೆಸ್ಲರ್ ಮತ್ತು ಟಿಮ್ ಮಾಟ್ 1974-75ರ ಸುಮಾರಿಗೆ ಜೆರಾಕ್ಸ್ ಪಾರ್ಕ್‌ನಲ್ಲಿ ಜಿಪ್ಸಿ ಎಂಬ ತಂತ್ರಾಂಶ ಬರೆದರು. ಎಕ್ಸ್, ಸಿ, ವಿ ಕೀಲಿಗಳು ನೆಲೆ ಕಂಡದ್ದು ಆಮೇಲೆ, 1983ರ ಆಪಲ್ ಲೀಸಾದಲ್ಲಿ. ನನಗೆ ಮುಖ್ಯವೆನಿಸುವ ಸಂಗತಿ ಬೇರೆ. ಜಿಪ್ಸಿಯನ್ನು ಬರೆದದ್ದು ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ. ಮೌಸ್ ಎಳೆದು ಸೆಲೆಕ್ಟ್ ಮಾಡುವುದು, ಎರಡು ಸಲ ಒತ್ತಿದರೆ ಇಡೀ ಪದ ಸಿಗುವುದು ಅಲ್ಲಿ ರೂಪುಗೊಂಡವು. ಮೊದಲು ಸೆಲೆಕ್ಟ್ ಮಾಡು, ಆಮೇಲೆ ಆಜ್ಞೆ ಕೊಡು ಎಂಬ ಇಡೀ ಏರ್ಪಾಡು ಮುದ್ರಣದ ಮನೆಯಿಂದಲೇ ಬಂದದ್ದು. ಅದನ್ನು ಮುದ್ರಣದವರಿಗೆ ಪರಕೀಯ ಎನ್ನುವವರು ಇದನ್ನೊಮ್ಮೆ ಗಮನಿಸಬೇಕು.

ಇನ್ನೊಂದು ಗೊಂದಲ ನನಗೆ ಹೆಚ್ಚು ಬೇಸರ ತರಿಸುತ್ತದೆ. ಹಳೆಯ ಕಡತದ ಈ ದೋಷವನ್ನು ಕೆಲವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ತಲೆಗೆ ಕಟ್ಟುತ್ತಾರೆ. ರಾವ್ ಮುಂಬಯಿಯಲ್ಲೇ ಟಿಐಎಫ್‌ಆರ್, ಟಾಟಾ ಪ್ರೆಸ್‌ಗಳಲ್ಲಿ ದುಡಿದವರು, ಅಕ್ಷರ ಜೋಡಣೆಯ ಒಳಹೊರಗು ಬಲ್ಲವರು, ಸೇಡಿಯಾಪು ತಂತ್ರಾಂಶ ಕೊಟ್ಟವರು. (ಅವರ ಪರ ನನಗೆ ಒಲವಿದೆ, ಮುಚ್ಚಿಡುವುದಿಲ್ಲ.) ಅವರ ವಿನ್ಯಾಸದಲ್ಲಿ ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಸಾಕು. ಎಫ್ ಅಕ್ಷರವನ್ನು ಅರ್ಧ ಮಾಡುತ್ತದೆ, ಉಳಿದದ್ದು ಉಚ್ಚಾರಣೆಯ ಕ್ರಮ. ಯೂನಿಕೋಡಿನಲ್ಲೂ ಈ ಪದಕ್ಕೆ ಇದೇ ಕ್ರಮದ ಐದು ಸಂಕೇತ. ಬೆರಳು ಐದು ಕೀಲಿ ಒತ್ತಿತು, ಕಡತದಲ್ಲಿ ಏಳು ಚೂರು ಬಿದ್ದವು. ಆ ಎರಡು ಚೂರು ಹೆಚ್ಚಾದದ್ದು ಫಾಂಟಿನಲ್ಲಿ, ಕೀಲಿಮಣೆಯಲ್ಲಲ್ಲ. ಕನ್ನಡ ಕೀಲಿಮಣೆ ಆನ್ ಇದ್ದರೆ ಶಾರ್ಟ್‌ಕಟ್ ನಡೆಯದು ಎಂಬ ನಂಬಿಕೆಯೂ ಹೀಗೆಯೇ ಅರ್ಧ ಸತ್ಯ. ವಿಂಡೋಸ್‌ನಲ್ಲಿ ಆಜ್ಞೆ ನೋಡುವುದು ಕೀಲಿಯ ಸ್ವಂತ ಸಂಖ್ಯೆಯನ್ನು, ಪರದೆಯ ಮೇಲೆ ಮೂಡುವ ಅಕ್ಷರವನ್ನಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ಆನ್ ಇದ್ದರೂ ಸಿ ಕೀಲಿ 67 ಆಗಿಯೇ ಉಳಿದು ನಕಲು ಮಾಡುತ್ತದೆ. ತೊಂದರೆ ಕಂಡದ್ದು ಲಿನಕ್ಸ್‌ನ ಕೆಲವು ಹಳೆಯ ತಂತ್ರಾಂಶಗಳಲ್ಲಿ.

ಫಾಂಟ್ ಮಾಡಿದವರನ್ನು ದೂರುವುದೂ ನನ್ನ ಉದ್ದೇಶವಲ್ಲ. ಆಗಿನ ವಿಂಡೋಸ್, ಪೇಜ್‌ಮೇಕರ್‌ಗಳಿಗೆ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬುದಷ್ಟೇ ಗೊತ್ತಿತ್ತು. ಇದ್ದದ್ದು 256 ಸ್ಥಾನ, ಅದರಲ್ಲೂ ಹಲವು ಮೀಸಲು. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅಷ್ಟರಲ್ಲಿ ಹಿಡಿಸಬೇಕಾದರೆ ಪೌಂಡಿನ ಮನೆಗೂ ಭಿನ್ನರಾಶಿಯ ಮನೆಗೂ ನುಗ್ಗದೆ ಬೇರೆ ದಾರಿ ಇರಲಿಲ್ಲ. ಇದಕ್ಕಿಂತ ಹಿಂದೆ, ಡಾಸ್ ಕಾಲದಲ್ಲಿ, ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಇಸ್ಕಿ ಎಂಬ ಸಂಕೇತದಲ್ಲಿ ಇದೇ ಪದವನ್ನು ಐದಾಗಿ, ಉಚ್ಚಾರಣೆಯ ಕ್ರಮದಲ್ಲೇ ಇಟ್ಟಿತ್ತು. ಪರದೆ ಅಂದವಾದಾಗ ಸೆಲೆಕ್ಷನ್ ಕೆಟ್ಟಿತು. ಚರಿತ್ರೆ ಒಂದೇ ದಿಕ್ಕಿಗೆ ಮುಂದೆ ಸಾಗಿತೆಂದು ಬರೆಯುವವರು ಈ ಹಿನ್ನಡೆಯನ್ನು ಬಿಟ್ಟೇ ಬಿಡುತ್ತಾರೆ.

ಈ ಹಿನ್ನಡೆಯನ್ನು ಸರಿಪಡಿಸಿದ ಕೆಲಸದಲ್ಲೂ ಮುಂಬಯಿಯ ಪಾಲಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟಿನ ವಿನ್ಯಾಸದಲ್ಲಿ ಮುಂಬಯಿಯ ಎನ್‌ಸಿಎಸ್‌ಟಿ ಸಂಸ್ಥೆಯಲ್ಲಿದ್ದ ಆರ್.ಕೆ. ಜೋಶಿಯವರ ಕೈಯಿದೆ. ಆ ಸಂಸ್ಥೆ ಆಮೇಲೆ ಸಿ-ಡ್ಯಾಕಿನಲ್ಲಿ ಸೇರಿತು. ಸಿ-ಡ್ಯಾಕಿನ ಒಂದು ಕಚೇರಿ ಈಗ ವಾಶಿಯಿಂದ ಹಾರ್ಬರ್ ಲೈನಿನ ಐದನೆಯ ನಿಲ್ದಾಣವಾದ ಬೇಲಾಪುರದಲ್ಲಿದೆ. ಆದರೂ ಪುಟ ಕಟ್ಟುವ ತಂತ್ರಾಂಶ ಹಿಂದೆಯೇ ಉಳಿಯಿತು. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಸರಿಯಾದ ಬೆಂಬಲ ಸಿಕ್ಕಿದ್ದು 2012ರ ಸಿಎಸ್6ರಲ್ಲಿ. ಅಲ್ಲಿಯವರೆಗೂ ಅಂಗಡಿಯವರು ಹಳೆಯ ಫಾಂಟಿನಲ್ಲೇ ದುಡಿದದ್ದಕ್ಕೆ ಅವರ ಮೊಂಡುತನ ಕಾರಣವಲ್ಲ.

ಈಗಲೂ ಎಲ್ಲ ಮುಗಿದಿಲ್ಲ. ಯೂನಿಕೋಡಿನ 15.1ನೇ ಆವೃತ್ತಿ 2023ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂಗಳಿಗೆ ಅದು ಅನ್ವಯಿಸಿತು. ಕನ್ನಡವನ್ನು ಸೇರಿಸಲಿಲ್ಲ. ಆ ನಿಯಮವನ್ನು ಅಕ್ಷರಶಃ ಪಾಲಿಸುವ ತಂತ್ರಾಂಶದಲ್ಲಿ ತೆಲುಗಿನ ಒತ್ತಕ್ಷರ ಒಂದು ಹೆಜ್ಜೆಗೆ ಸೆಲೆಕ್ಟ್ ಆದರೆ ನಮ್ಮ ‘ನ್ನ’ಕ್ಕೆ ಎರಡು ಹೆಜ್ಜೆ ಬೇಕು. ಕನ್ನಡ ತಂತ್ರಜ್ಞಾನದ ಬಗ್ಗೆ ವೇದಿಕೆಯಲ್ಲಿ ಮಾತಾಡುವವರು ಕೆಲಸಗಾರರ ಮೌಸನ್ನು ಆಡಿಕೊಳ್ಳುವುದನ್ನು ಬಿಟ್ಟು ಈ ಪಟ್ಟಿಗೆ ಕನ್ನಡವನ್ನು ಸೇರಿಸಲು ಬರೆಯಬೇಕು.

ಕೊನೆಗೊಂದು ವಿನಂತಿ. ವಾಶಿಯಿಂದ ಕಲ್ಯಾಣದವರೆಗಿನ ಕನ್ನಡ ಸಂಘಗಳು, ಅಂಗಡಿಗಳು ಈಗ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುತ್ತಿವೆ, ಮಾಡಲೇಬೇಕಾದ ಕೆಲಸ. ಆದರೆ ಪರಿವರ್ತಿಸಿದ ಕೂಡಲೇ ಮೂಲವನ್ನು ಅಳಿಸಬೇಡಿ. ಮೂಲ ಕಡತ, ಅದು ಬಳಸಿದ ಫಾಂಟು, ಅಚ್ಚಾದ ಪುಟ, ಈ ಮೂರನ್ನೂ ಒಂದೇ ಫೋಲ್ಡರಿನಲ್ಲಿ ವರ್ಷ ಬರೆದು ಎರಡು ಕಡೆ ಉಳಿಸಿಡಿ.