'ತುರ್ತಾಗಿ ರಕ್ತ ಬೇಕು' ಸಂದೇಶ: ಫಾರ್ವರ್ಡ್ ಮಾಡುವ ಮುನ್ನ ಏನು ನೋಡಬೇಕು?

"ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು, ಎಲ್ಲ ಗ್ರೂಪ್‌ಗಳಿಗೂ ಕಳಿಸಿ." ಇಂಥ ಸಂದೇಶ ನಿಮಗೂ ಬಂದಿರುತ್ತದೆ. ಇದನ್ನು ಹಂಚುವುದರಿಂದ ಉಪಯೋಗವಿದೆಯೇ? ಇದೆ. ಆದರೆ ಎಷ್ಟು ಜನರಿಗೆ ಹೋಯಿತು ಎನ್ನುವುದಕ್ಕಿಂತ ಯಾರಿಗೆ, ಯಾವಾಗ ತಲುಪಿತು ಎನ್ನುವುದೇ ಮುಖ್ಯ. ಅದು ಹೇಗೆಂದು ನೋಡೋಣ.

ಯಾರಿಗೆ ಕಳಿಸಬೇಕು?
ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ಹೊಸ ಮಾಹಿತಿ ಬರುವುದು ಹೆಚ್ಚಾಗಿ ದೂರದ ಪರಿಚಯಸ್ಥರಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಿವರಿಸಿದ್ದರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯವರೊಬ್ಬರು ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾರೆ ಎಂದುಕೊಳ್ಳಿ. ಊರಿನ ಗ್ರೂಪ್‌ನಲ್ಲಿ ಸಂದೇಶ ಹತ್ತು ಸಲ ಸುತ್ತಿದರೂ ಓದುವವರು ಅವರವರೇ. ದಾವಣಗೆರೆಯಲ್ಲಿ ಓದುವ ಅಥವಾ ಕೆಲಸ ಮಾಡುವ ಒಬ್ಬ ಪರಿಚಯಸ್ಥರಿಗೆ ಕಳಿಸಿದರೆ ಅದು ಹೊಸಬರನ್ನು ತಲುಪುತ್ತದೆ.

ಸಂದೇಶ ಹಳೆಯದೇ?
ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಸಂದೇಶ ಹಲವು ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ಇಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ದಿನಾಂಕ, ಆಸ್ಪತ್ರೆಯ ಹೆಸರು, ಫೋನ್ ನಂಬರ್ ಇಲ್ಲದಿದ್ದರೆ ಹಂಚಬೇಡಿ. ನಂಬರ್ ಇದ್ದರೆ ಮೊದಲು ಕರೆ ಮಾಡಿ, ರಕ್ತ ಇನ್ನೂ ಬೇಕೇ ಎಂದು ಕೇಳಿ. ಅಗತ್ಯ ಮುಗಿದ ಮೇಲೂ ಸಂದೇಶ ಸುತ್ತುತ್ತಿದ್ದರೆ ಆ ಮನೆಯವರಿಗೆ ಕರೆಗಳ ಕಾಟ. ನಿಜವಾದ ಕೋರಿಕೆ ಬಂದಾಗ ಓದುವವರು ಅದನ್ನೂ ಹಳೆಯದೆಂದು ಬಿಟ್ಟುಬಿಡುತ್ತಾರೆ.

ಮೊದಲು ಎಲ್ಲಿ ವಿಚಾರಿಸಬೇಕು?
ಆಸ್ಪತ್ರೆಯ ರಕ್ತನಿಧಿಯಲ್ಲಿ. ಕೇಂದ್ರ ಸರ್ಕಾರದ 'ಇ-ರಕ್ತಕೋಶ' ಜಾಲತಾಣದಲ್ಲೂ ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತವಿದೆ ಎಂದು ಜಿಲ್ಲಾವಾರು ನೋಡಬಹುದು. ಬಾಗಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ; ಆದರೆ ರೋಗಿ ದಾವಣಗೆರೆಯಲ್ಲಿದ್ದರೆ ಮೊದಲು ಹುಡುಕಬೇಕಾದದ್ದು ದಾವಣಗೆರೆ ಜಿಲ್ಲೆಯನ್ನು.

ಯಾರು ಕೊಡಬಹುದು?
18ರಿಂದ 65 ವರ್ಷದ, ಕನಿಷ್ಠ 45 ಕೆ.ಜಿ. ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಕೊನೆಯ ತೀರ್ಮಾನ ರಕ್ತನಿಧಿಯ ವೈದ್ಯರದು.

ಹಣ ಕೇಳಿದರೆ?
ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಕೊಡುವುದಕ್ಕೆ ನಿಷೇಧವಿದೆ. ರಕ್ತನಿಧಿ ಪಡೆಯುವುದು ಪರೀಕ್ಷೆ, ಸಂಸ್ಕರಣೆಯ ಶುಲ್ಕವನ್ನು ಮಾತ್ರ. "ಹೊರಟಿದ್ದೇನೆ, ಪೆಟ್ರೋಲಿಗೆ ಹಣ ಹಾಕಿ" ಎನ್ನುವ ಅಪರಿಚಿತರಿಗೆ ಹಣ ಕಳಿಸಬೇಡಿ.

ರಕ್ತ ಸಿಕ್ಕ ಕೂಡಲೇ, ಕೋರಿಕೆ ಹಾಕಿದ್ದ ಗ್ರೂಪ್‌ಗಳಲ್ಲೇ "ರಕ್ತ ಸಿಕ್ಕಿದೆ, ಇನ್ನು ಹಂಚಬೇಡಿ" ಎಂದು ತಿಳಿಸಿ.